ಗೇಟಿನ ಆಯಮ್ಮನ ಹನ್ನೆರಡನೇ ಪಾಠ

ಬೆಳಿಗ್ಗೆ ಎಂಟೂ ಕಾಲಿಗೆ ಶಿಶುಶಾಲೆಯ ಗೇಟಿನ ಚಿಲಕ ತೆಗೆದರೆ, ಒಂಬತ್ತು ಹೊಡೆಯುವವರೆಗೂ ಆಯಮ್ಮನಿಗೆ ಮೂಗಿನ ಮೇಲೆ ಕೂತ ನೊಣ ಓಡಿಸಲೂ ಪುರುಸೊತ್ತಿರುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಹೋಗುವವರು ನಿಂತು ನೋಡಿದರೆ, ಸುಮ್ಮನೆ ನಿಂತಿರುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದುಕೊಳ್ಳಬೇಕು, ಹಾಗೆ ನಿಂತಿರುತ್ತಿದ್ದಳು.

ನಲವತ್ತು ಮಕ್ಕಳಲ್ಲಿ ಮೂವತ್ತು ತಾವಾಗಿಯೇ ಒಳಗೆ ಓಡಿ, ಚಪ್ಪಲಿ ಗೂಡಿನಲ್ಲಿ ತಮ್ಮ ತಮ್ಮ ಚಿತ್ರ ಹುಡುಕಿ ಬೂಟು ತುರುಕಿಬಿಡುತ್ತಿದ್ದವು. ಶಾಲೆಯ ಪ್ರತಿ ಮಗುವಿಗೂ ಒಂದೊಂದು ಚಿತ್ರ, ಒಬ್ಬನಿಗೆ ಮೀನು, ಒಬ್ಬಳಿಗೆ ಛತ್ರಿ, ಇನ್ನೊಬ್ಬನಿಗೆ ಅಂಗಿಯ ಗುಂಡಿ. ಉಳಿದ ಹತ್ತು ಆಯಮ್ಮನ ಪಾಲು. ಅಮ್ಮನ ಕತ್ತಿಗೆ ಜೋತುಬಿದ್ದವು, ಅಪ್ಪನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಬಿಡದವು, ಗೇಟಿನ ಸರಳನ್ನೇ ತಬ್ಬಿಕೊಂಡು ಊರಿಗೆಲ್ಲ ಕೇಳುವಂತೆ ಅಳುವವು.

ಆಯಮ್ಮ ಯಾವ ಮಗುವನ್ನೂ ತಾಯಿಯ ಕೈಯಿಂದ ಕಿತ್ತುಕೊಂಡವಳಲ್ಲ. ಕೈ ಚಾಚುತ್ತಿರಲಿಲ್ಲ, ಬಾ ಬಂಗಾರ ಎನ್ನುತ್ತಿರಲಿಲ್ಲ, ಮುಖ ನೋಡುತ್ತಲೂ ಇರಲಿಲ್ಲ. ಮಗುವಿಗೆ ಬೆನ್ನು ಹಾಕಿ ನಿಂತು, ಬಲಗೈಯನ್ನು ಹಿಂದಕ್ಕೆ ಇಳಿಬಿಟ್ಟು, ಕಿರುಬೆರಳನ್ನು ಮಾತ್ರ ತುಸು ಆಚೆ ಮಾಡಿ, ಚಪ್ಪಲಿ ಗೂಡಿನಲ್ಲಿ ಏನೋ ಕಳೆದುಹೋದ ಹಾಗೆ ಅದನ್ನೇ ದಿಟ್ಟಿಸುತ್ತಿದ್ದಳು. ಕೆಲವು ಮಕ್ಕಳು ಎರಡೇ ನಿಮಿಷಕ್ಕೆ ಬಂದು ಆ ಬೆರಳು ಹಿಡಿಯುತ್ತಿದ್ದವು. ಕೆಲವಕ್ಕೆ ಇಪ್ಪತ್ತು ದಿನ ಬೇಕಾಗುತ್ತಿತ್ತು. ಬೆರಳು ಹಿಡಿದ ಮೇಲೂ ಅವಳು ತಿರುಗುತ್ತಿರಲಿಲ್ಲ. ಹಾಗೆಯೇ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು, ಮಗು ಹಿಂದೆ ಬರುತ್ತಿತ್ತು, ಅಷ್ಟೆ.

"ಎತ್ಕೊಂಡು ಹೋಗಿಬಿಡಿ ಆಯಮ್ಮ, ಆಫೀಸಿಗೆ ಲೇಟಾಗ್ತಿದೆ" ಎಂದು ಗೋಗರೆಯುವ ಅಪ್ಪಂದಿರಿಗೆ ಅವಳದು ಒಂದೇ ಉತ್ತರ. "ಇವತ್ತು ಎಳ್ಕೊಂಡು ಹೋದ್ರೆ ನಾಳೆನೂ ಎಳೀಬೇಕು ಸಾರ್. ನಂಗೂ ವಯಸ್ಸಾಯ್ತು, ಅಷ್ಟು ಕಸುವೆಲ್ಲಿದೆ?"

ಈ ಗೇಟಿಗೆ ಅವಳು ಬಂದದ್ದೂ ಒಂದು ಕಥೆಯೇ. ಇಪ್ಪತ್ತೆರಡು ವರ್ಷದ ಹಿಂದೆ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಮೂರು ವರ್ಷದ ಮಗಳನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕಿತ್ತು. ಮಗಳು ಒಳಗೆ ಅಳುತ್ತಿದ್ದರೆ ಇವಳು ಗೇಟಿನ ಹೊರಗೆ ಅಳುತ್ತ ನಿಲ್ಲುತ್ತಿದ್ದಳು. ಒಂಬತ್ತಾಯಿತು, ಹತ್ತಾಯಿತು, ಹತ್ತೂವರೆಯಾಯಿತು. ಹನ್ನೊಂದನೇ ದಿನ ಲಾಂಡ್ರಿಯವನು ನಾಳೆಯಿಂದ ಬರಬೇಡ ಎಂದ. ಅದನ್ನು ಕೇಳಿಕೊಂಡು ಮತ್ತೆ ಬಂದು ಅದೇ ಜಾಗದಲ್ಲಿ ನಿಂತವಳನ್ನು ನೋಡಿ ಆಗಿನ ದೊಡ್ಡ ಮೇಡಂ, "ಹೇಗೂ ನಿಂತೇ ಇರ್ತೀಯಲ್ಲ, ಆ ಗೇಟಾದ್ರೂ ಹಿಡ್ಕೋ" ಎಂದರು. ಅಂದು ಹಿಡಿದದ್ದು. ಮಗಳು ಈಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಊರಿನ ಜನವನ್ನೆಲ್ಲ ಬೇರೆ ಊರಿಗೆ ಕಳಿಸುತ್ತಾಳೆ. ತಾಯಿ ಮಾತ್ರ ಇಲ್ಲೇ.

ಮಕ್ಕಳಿಗೆಲ್ಲ ಆಯಮ್ಮ ಮನಸ್ಸಿನಲ್ಲೇ ಒಂದೊಂದು ಹೆಸರಿಟ್ಟಿದ್ದಳು. ಹಿಮ್ಮಡಿಯನ್ನು ಕಾಲೊರಸಿಗೆ ಊರಿ ನಿಂತರೆ ಕಾಲೊರಸೇ ಜೊತೆಗೆ ಜಾರಿಬರಬೇಕು, ತಾನು ಮಾತ್ರ ಕದಲದವನು ಮೊಳೆ. ಎತ್ತಿಕೊಂಡ ಕೂಡಲೇ ಮೈಯೆಲ್ಲ ಸಡಿಲ ಬಿಟ್ಟು ತೋಳಿನಿಂದ ನೆಲಕ್ಕೆ ಇಳಿದುಹೋಗುವವನು ಒದ್ದೆ ಟವೆಲ್. ಅಮ್ಮನಿಗೆ ಅಂಟಿಕೊಂಡರೆ ಬಿಡಿಸಲಾಗದ ಮೂರು ವರ್ಷದ ಹುಡುಗಿ ಗೋಂದು.

ಗೋಂದಿನ ಅಮ್ಮನಿಗೂ ಒಂದು ಹೆಸರಿತ್ತು. ಕಿಟಕಿ ಅಮ್ಮ. ಮಗುವನ್ನು ಹೇಗೋ ಒಳಗೆ ಕಳಿಸಿದ ಮೇಲೆ ಆಕೆ ಮನೆಗೆ ಹೋಗುತ್ತಿರಲಿಲ್ಲ. ಕಿಟಕಿಯ ಸರಳಿನ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡುತ್ತಿದ್ದಳು, ಆಮೇಲೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಫೋನು ನೋಡುತ್ತಿದ್ದಳು, ಮತ್ತೆ ಎದ್ದು ಕಿಟಕಿ.

"ಆಯಮ್ಮ, ಅವಳ ಕೈ ಸ್ವಲ್ಪ ಬಿಸಿ ಇತ್ತು ಅಲ್ವಾ?"

"ಅತ್ತಿದ್ದಾಳೆ, ಅದಕ್ಕೆ."

"ಮೂರು ಜೊತೆ ಬಟ್ಟೆ ಇಟ್ಟಿದೀನಿ. ಸಾಕಾಗತ್ತಾ?"

"ಇನ್ನೆರಡು ಜೊತೆ ತಂದ್ರೆ ನಾವೊಂದು ಅಂಗಡಿ ಇಡಬಹುದು ತಾಯಿ."

ಕಿಟಕಿ ಅಮ್ಮ ನಕ್ಕಳು, ನಕ್ಕು ಮತ್ತೆ ಕಿಟಕಿಯತ್ತ ನೋಡಿದಳು. ಇನ್ನು ಹದಿನೈದು ದಿನಕ್ಕೆ ಆಕೆಯ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಗೋಂದು ಬಿಡಬೇಕಿತ್ತು.

ಅದೇ ವಾರ ಹೊಸ ಪ್ರಿನ್ಸಿಪಾಲ್ ಮೇಡಂ ಮೂವರು ಆಯಾಗಳನ್ನೂ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಪತ್ರ. ತಂದೆತಾಯಿಯರು ಬರೆದದ್ದು. ಮಕ್ಕಳ ಜೊತೆ ಎಲ್ಲ ಸಿಬ್ಬಂದಿಯೂ ಇಂಗ್ಲಿಷಿನಲ್ಲೇ ಮಾತಾಡಬೇಕು, ಇಲ್ಲದಿದ್ದರೆ ಈ ಶಾಲೆಗೆ ಹಾಕಿ ಏನು ಬಂತು ಎಂಬುದು ಅದರ ಸಾರಾಂಶ.

"ನನ್ನ ಕೈಲೇನೂ ಇಲ್ಲ," ಎಂದರು ಮೇಡಂ. ಅವರೇನೂ ಕೆಟ್ಟವರಲ್ಲ. ಆದರೆ ಎಲ್ಲರನ್ನೂ ಒಟ್ಟಿಗೇ ಸಮಾಧಾನ ಮಾಡಲು ಹೊರಟು ಸುಸ್ತಾದವರ ಮುಖ ಅವರದು. "ಹದಿನಾಲ್ಕು ದಿನ ಟೈಮ್ ಇದೆ. ಈ ಪುಸ್ತಕದಿಂದ ಒಬ್ಬೊಬ್ಬರಿಗೆ ಒಂದೊಂದು ಪಾಠ. ಹತ್ತು ಪ್ರಶ್ನೆ ಕೇಳ್ತೀನಿ. ಏಳು ಸರಿ ಹೇಳಿದ್ರೆ ಎಲ್ಲರೂ ಅವರವರ ಜಾಗದಲ್ಲೇ. ಇಲ್ಲಾಂದ್ರೆ ಹಿಂದುಗಡೆ ತೊಳೆಯೋ ಕೆಲಸ. ಗೇಟಿಗೆ ಇಂಗ್ಲಿಷ್ ಬರೋ ಹುಡುಗಿ ಬರ್ತಾಳೆ."

ಅಡುಗೆಮನೆಯ ಆಯಾಗೆ ಹಣ್ಣು ತರಕಾರಿಯ ಹೆಸರು ಬಂತು. ಕಸ ಗುಡಿಸುವ ಆಯಾಗೆ ಬಣ್ಣ ಮತ್ತು ಪ್ರಾಣಿಗಳು. ಎಲ್ಲರಿಗಿಂತ ಹಿರಿಯಳೆಂದು ಮರ್ಯಾದೆ ಮಾಡಿ ಆಯಮ್ಮನಿಗೆ ಹನ್ನೆರಡನೇ ಪಾಠ ಕೊಟ್ಟರು. ಗೆಲ್ಲುವುದು, ನಿರಾಕರಿಸುವುದು, ಮಾಡದೇ ಇರುವುದು, ಇವುಗಳ ಬಗ್ಗೆ ಇಂಗ್ಲಿಷ್ ನುಡಿಗಟ್ಟುಗಳು, ಒಟ್ಟು ನಲವತ್ತು.

"ಮರ್ಯಾದೆ ಅಂದ್ರೆ ಹೀಗಿರಬೇಕು," ಎಂದು ಅಡುಗೆಮನೆಯ ಆಯಾ ಹೊರಗೆ ಬಂದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಂಗೆ ಟೊಮೇಟೊ. ನಿಂಗೆ ಗಂಟಲಲ್ಲಿ ಸಿಕ್ಕೊಳ್ಳೋ ಮೂಳೆ."

ಆಯಮ್ಮ ನಗಲಿಲ್ಲ. ಮೇಜಿನ ಮೇಲಿದ್ದ ಪತ್ರದ ಕೆಳಗೆ ಹದಿನೇಳು ಸಹಿಗಳಿದ್ದವು. ಇಂಗ್ಲಿಷಿನಲ್ಲಿದ್ದ ಪತ್ರದಲ್ಲಿ ಏನಿದೆ ಎಂದು ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಸಹಿಗಳನ್ನು ಓದಬಲ್ಲಳು. ದಿನಾ ಬೆಳಿಗ್ಗೆ ಗೇಟಿನ ರಿಜಿಸ್ಟರಿನಲ್ಲಿ ಮಗುವನ್ನು ಬಿಟ್ಟ ಹೊತ್ತು ಬರೆದು ಸಹಿ ಹಾಕಿಸಿಕೊಳ್ಳುವವಳು ಅವಳೇ. ಮುಖ ಮರೆತರೂ ಸಹಿ ಮರೆಯುತ್ತಿರಲಿಲ್ಲ. ಮೊಳೆಯ ಅಪ್ಪನದು ಪೆನ್ನು ಎತ್ತದೆ ಎಳೆದ ಸಿಕ್ಕು ದಾರ. ಒದ್ದೆ ಟವೆಲಿನ ಅಜ್ಜಿಯದು ಗುಂಡಗೆ ಬಿಡಿಸಿಟ್ಟ ಅಕ್ಷರ. ಪತ್ರದ ಒಂಬತ್ತನೇ ಸಾಲಿನಲ್ಲಿ ಒಂದು ಸಹಿಯಿತ್ತು. ಕೊನೆಯ ಅಕ್ಷರಕ್ಕೆ ಉದ್ದ ಬಾಲ, ತನ್ನ ಮನೆ ದಾಟಿ ಪಕ್ಕದವರ ಮನೆಗೂ ಹೋದ ಬಾಲ. ಅಷ್ಟು ಗಾಬರಿಯಲ್ಲಿ ಸಹಿ ಹಾಕುವವರು ಇಡೀ ಶಾಲೆಯಲ್ಲಿ ಒಬ್ಬರೇ.

ಮಾರನೇ ದಿನ ಕಿಟಕಿ ಅಮ್ಮ ಬಂದಾಗ ಆಯಮ್ಮ ಪೆನ್ನು ಕೊಟ್ಟಳು, ಮುಖ ನೋಡಲಿಲ್ಲ. ಇಷ್ಟು ದಿನ ಬಿಸಿ ಕೈ, ತಣ್ಣನೆ ಕೈ, ಬಾಟಲಿ, ಬಟ್ಟೆ ಎಂದು ನೂರು ಸಲ ಕೇಳಿದವಳು ಇದೊಂದನ್ನು ಮಾತ್ರ ಕೇಳದೆ ಮಾಡಿದಳಲ್ಲ ಎನಿಸಿತು.

ಮಕ್ಕಳೆಲ್ಲ ಒಳಗೆ ಹೋದ ಮೇಲೆ ಆಯಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪಾಠದ ಹಾಳೆ ತೆಗೆದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಅಕ್ಷರ ಕೂಡಿಸತೊಡಗಿದಳು. ಏಳನೇ ಕ್ಲಾಸಿನವರೆಗೆ ಓದಿದ್ದಳು. ಅಕ್ಷರ ಬರುತ್ತಿತ್ತು, ಪದಗಳು ಬರುತ್ತಿರಲಿಲ್ಲ.

"ಏನದು ಆಯಮ್ಮ?" ಎಂದು ಕಿಟಕಿ ಅಮ್ಮ ಬಗ್ಗಿ ನೋಡಿದಳು.

ಆಯಮ್ಮ ಎಲ್ಲ ಹೇಳಿದಳು. ಪರೀಕ್ಷೆ, ಹತ್ತರಲ್ಲಿ ಏಳು ಪ್ರಶ್ನೆ, ಹಿಂದುಗಡೆಯ ತೊಳೆಯುವ ಕೆಲಸ. ತಂದೆತಾಯಿಗಳ ಪತ್ರದ ಮಾತನ್ನೂ ಹೇಳಿದಳು. ತಿರುಗಿ ನೋಡಿದರೆ ಕಿಟಕಿ ಅಮ್ಮನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ನಾನು ಹೇಳ್ಕೊಡ್ತೀನಿ," ಎಂದಳು ಆಕೆ. "ಹೇಗೂ ಇಲ್ಲೇ ಕೂತಿರ್ತೀನಲ್ಲ. ದಿನಾ ಹೇಳ್ಕೊಡ್ತೀನಿ. ನಲವತ್ತೂ."

ಬೇಡ ಎನ್ನುವ ಮಾತು ಆಯಮ್ಮನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಬೆಂಚಿನ ಮೇಲೆ ಆಕೆಯ ಕೈ ನೋಡಿದಳು. ಹಾಳೆಯ ಮೂಲೆಯನ್ನು ಹಿಡಿದ ಬೆರಳುಗಳು ಗೇಟಿನ ಸರಳು ಹಿಡಿದ ಮಕ್ಕಳ ಬೆರಳಿನ ಹಾಗೆ ಬೆಳ್ಳಗಾಗಿದ್ದವು. ಇಂಥದ್ದನ್ನು ಎಳೆಯಬಾರದು. ಆಯಮ್ಮ ಹಾಳೆಯನ್ನು ಇಬ್ಬರ ನಡುವೆ ಇಟ್ಟಳು. "ಸರಿ, ಶುರು ಮಾಡಿ ಮೇಡಂ," ಎಂದಳು.

ಕಿಟಕಿ ಅಮ್ಮ ಮಾರನೇ ದಿನವೇ ಒಂದು ನೋಟ್‌ಬುಕ್ ತಂದಳು. ಅದರಲ್ಲಿ ಪಾಠದ ಹಾಗೆಯೇ ಮೂರು ಭಾಗ, ಗೆಲ್ಲುವುದು, ನಿರಾಕರಿಸುವುದು, ಮಾಡದಿರುವುದು. ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ.

"ಡಿಗ್ ಯುವರ್ ಹೀಲ್ಸ್ ಇನ್. ಹಿಮ್ಮಡಿ ಊರೋದು. ಅಂದ್ರೆ ಏನೇ ಆದ್ರೂ ಒಪ್ಪಲ್ಲ ಅಂತ..."

"ಮೊಳೆ!" ಎಂದಳು ಆಯಮ್ಮ.

"ಮೊಳೆ ಅಲ್ಲ ಆಯಮ್ಮ, ಹಿಮ್ಮಡಿ."

"ಅಲ್ಲಮ್ಮ, ಮೀನಿನ ಗೂಡಿನ ಹುಡುಗ. ದಿನಾ ಅವನು ಮಾಡೋದು ಇದೇ ಅಲ್ವಾ? ಕಾಲೊರಸು ಹರಿದುಹಾಕಿದಾನೆ. ಇದಕ್ಕೆ ಇಂಗ್ಲಿಷಲ್ಲಿ ಹೆಸರಿದೆ ಅಂತ ಗೊತ್ತಿರಲಿಲ್ಲ."

ಅಲ್ಲಿಂದ ಪಾಠಕ್ಕೆ ದಾರಿ ಸಿಕ್ಕಿತು. ನಿರಾಕರಿಸುವ ಮಾತುಗಳಲ್ಲಿ ಮುಕ್ಕಾಲು ಪಾಲು ಮೈಯಲ್ಲೇ ಇದ್ದವು. ಹಿಮ್ಮಡಿ, ಭುಜ, ಮೂಗು, ತುಟಿ, ಬೆರಳು. ಆ ಮೈಗಳನ್ನೆಲ್ಲ ಆಯಮ್ಮ ಇಪ್ಪತ್ತೆರಡು ವರ್ಷದಿಂದ ಬಲ್ಲಳು. ತಣ್ಣನೆ ಭುಜ ತೋರಿಸುವುದು ಎಂದರೆ ಬೇಕೆಂದೇ ಮಾತಾಡಿಸದೆ ಇರುವುದು. ಸರಿ, ತಂಗಿ ಹುಟ್ಟಿದ ಮೇಲೆ ಅಮ್ಮನ ಕಡೆ ತಿರುಗದ ಛತ್ರಿ ಗೂಡಿನ ಹುಡುಗಿ. ಉದ್ದ ಗಳುವಿನಿಂದಲೂ ಮುಟ್ಟೆನು ಎಂದರೆ ಜೇಡಿಮಣ್ಣು ಕಂಡರೆ ಕೈ ಬೆನ್ನಹಿಂದೆ ಇಟ್ಟುಕೊಳ್ಳುವವನು.

"ಮೂಗು ಮುರಿಯೋದು? ಅಯ್ಯೋ, ಇದು ನಮ್ಮದೇ. ಅವರು ಮೂಗು ಮೇಲೆ ಮಾಡ್ತಾರೆ, ನಾವು ಮುರೀತೀವಿ, ಅಷ್ಟೇ ತಾನೆ? ಮುಂದೆ ಹೇಳಿ."

"ಬೆರಳೂ ಎತ್ತದೇ ಇರೋದು. ಏನೂ ಸಹಾಯ ಮಾಡಲ್ಲ ಅಂತ."

"ಇಲ್ಲಿರೋ ಕಡ್ಡಿ ತೆಗೆದು ಅಲ್ಲಿಡಲ್ಲ ಅನ್ನಿ. ನಮ್ಮ ಮನೆಯವರು. ಮುಂದೆ."

"ಕಾಲು ಎಳೆಯೋದು. ತಮಾಷೆ ಮಾಡೋ ಕಾಲೆಳೆಯೋದಲ್ಲ ಆಯಮ್ಮ, ತಮ್ಮದೇ ಕಾಲನ್ನ ಎಳ್ಕೊಂಡು ನಡೆಯೋದು. ಮಾಡಬೇಕಾದ್ದನ್ನ ಬೇಕಂತಲೇ ತಡ ಮಾಡೋದು. ಮೀನ ಮೇಷ ಎಣಿಸೋದು ಅಂತೀವಲ್ಲ."

ಆಯಮ್ಮ ಅವಳನ್ನೇ ಒಂದು ಕ್ಷಣ ನೋಡಿ, "ಗೊತ್ತಾಯ್ತು," ಎಂದಳು. ಇದು ಯಾವ ಮಗು ಎಂದು ಹೇಳಲಿಲ್ಲ.

ಹನ್ನೊಂದನೆಯದು ಬಂದಾಗ ಕಿಟಕಿ ಅಮ್ಮ ಹಾಳೆ ಮುಚ್ಚಿದಳು. "ಇದು ಬೇಡ ಬಿಡಿ. ನನ್ನ ಹೆಣದ ಮೇಲೆ ಅಂತ."

"ಛೀ, ಬೆಳಬೆಳಿಗ್ಗೆ! ಯಾಕಂತೆ?"

"ನಾನು ಬದುಕಿರೋವರೆಗೂ ಇದಕ್ಕೆ ಒಪ್ಪಲ್ಲ ಅಂತ."

"ಅಷ್ಟು ಸಣ್ಣ ವಿಷಯಕ್ಕೆ ಹೆಣ ಬೀಳಬೇಕಾ? ಸುಮ್ನೆ ಬೇಡ ಅಂದ್ರಾಗಲ್ವಾ ಇವರಿಗೆ?"

ಕಿಟಕಿ ಅಮ್ಮ ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. "ಬೇಡ ಅನ್ನೋದು ಕಷ್ಟ ಆಯಮ್ಮ," ಎಂದಳು. ನೋಟ್‌ಬುಕ್ಕನ್ನು ಮಡಿಲಿಗಿಟ್ಟುಕೊಂಡು, "ಆಯಮ್ಮ, ನಾನೊಂದು ವಿಷಯ..." ಎಂದಳು.

ಆಯಮ್ಮ ತಕ್ಷಣ ಎದ್ದು ನಿಂತು ಚಪ್ಪಲಿ ಗೂಡಿನತ್ತ ಮುಖ ಮಾಡಿದಳು. ಕೆಳಗೆ ಬಿದ್ದಿದ್ದ ಒಂದು ಪುಟ್ಟ ಬೂಟನ್ನು ಎತ್ತಿ, ಧೂಳು ಒರೆಸಿ, ಸಾವಕಾಶವಾಗಿ ಗೂಡಿಗಿಟ್ಟಳು.

"ಅದೇ... ಅವಳ ಬಾಟಲಿ ಮುಚ್ಚಳ ಸ್ವಲ್ಪ ಸಡಿಲ ಇದೆ. ನೋಡ್ಕೊಳ್ಳಿ."

"ನೋಡ್ಕೊಳ್ತೀನಿ."

ಹೊಸ್ತಿಲವರೆಗೆ ಬಂದು ತಿರುಗಿ ಓಡುವ ಮಕ್ಕಳಿರುತ್ತವೆ. ಮೊದಲ ದಿನ ಗೇಟಿನವರೆಗೆ, ಎರಡನೇ ದಿನ ಕಾಲೊರಸಿನವರೆಗೆ. ಆಗ ಅಯ್ಯೋ ಹತ್ತಿರ ಬಂತಲ್ಲ ಎಂದು ಕೈ ಚಾಚಿದರೆ ಕೆಟ್ಟಿತು. ಆಯಮ್ಮನ ಮುನಿಸು ಎಷ್ಟೋ ಇಳಿದಿತ್ತು. ಗೊತ್ತು ಕಣಮ್ಮ ಎಂದು ತಾನೇ ಹೇಳಿಬಿಡಬಹುದಿತ್ತು, ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅದು ಎತ್ತಿಕೊಂಡು ಒಳಗೆ ಹೋದ ಹಾಗೆ. ಬರಲಿ, ತಾನಾಗಿ ಬರಲಿ ಎಂದು ಬಿಟ್ಟಳು.

ಹೀಗೆ ಮೂರು ಸಲವಾಯಿತು. ಮುಚ್ಚಳ ಒಮ್ಮೆ, ಕೂದಲ ಕ್ಲಿಪ್ಪು ಒಮ್ಮೆ, ಏನೂ ಇಲ್ಲ ಬಿಡಿ ಎಂದು ಒಮ್ಮೆ.

ಪಾಠ ಮಾತ್ರ ಓಡುತ್ತಿತ್ತು. ನಿರಾಕರಿಸುವುದು ಮುಗಿಯಿತು. ಮಾಡದೇ ಇರುವುದೂ ಮುಗಿಯಿತು. ತೊಡಕಾದದ್ದು ಗೆಲ್ಲುವುದು. ಅದಕ್ಕೆ ಆಯಮ್ಮನ ಬಳಿ ಯಾರ ಮುಖವೂ ಇರಲಿಲ್ಲ.

"ಟವೆಲ್ ಎಸೆಯೋದು ಅಂದ್ರೆ ಸೋಲು ಒಪ್ಕೊಳ್ಳೋದು. ಕೈ ಚೆಲ್ಲೋದು."

"ನಮ್ಮ ಒದ್ದೆ ಟವೆಲ್ ತನ್ನನ್ನೇ ತಾನು ಎಸ್ಕೊಳ್ಳೋದು ಗೆಲ್ಲೋಕೆ! ಉಲ್ಟಾ ಹೇಳ್ತಿದೀರಿ ನೀವು."

"ವಿನ್ ಹ್ಯಾಂಡ್ಸ್ ಡೌನ್. ನೀರು ಕುಡಿದಷ್ಟು ಸುಲಭವಾಗಿ ಗೆಲ್ಲೋದು. ವಿನ್ ಬೈ ಎ ನೋಸ್, ಇದು ಕೂದಲೆಳೆಯಲ್ಲಿ ಗೆಲ್ಲೋದು. ಕುದುರೆ ಓಟದಲ್ಲಿ ಎರಡು ಕುದುರೆ ಸಮಸಮ ಬರ್ತವಲ್ಲ, ಒಂದರ ಮೂಗು ಮಾತ್ರ ಮುಂದೆ."

"ನಾನು ಕುದುರೆ ಓಟ ನೋಡಿಲ್ಲ ತಾಯಿ. ಈ ಗೇಟಲ್ಲಿ ಗೆಲ್ಲೋರು ಯಾರೂ ಇಲ್ಲ. ಮಗು ಗೆದ್ರೆ ಅಮ್ಮ ಅಳ್ತಾಳೆ, ಅಮ್ಮ ಗೆದ್ರೆ ಮಗು ಅಳತ್ತೆ."

ರಾತ್ರಿ ಊಟವಾದ ಮೇಲೆ ಮಗಳು ಫೋನು ಮಾಡಿದಳು. "ಅಮ್ಮ, ಪಾಸಾಗದಿದ್ರೆ ಆಗ್ಲಿಲ್ಲ ಬಿಡು. ಆರಾಮಾಗಿ ಮನೇಲಿ ಕೂತ್ಕೋ."

"ಮನೇಲಿ ಕೂತು ಯಾರನ್ನೇ ಒಳಗೆ ಕರ್ಕೊಳ್ಳಲಿ?" ಎಂದಳು ಆಯಮ್ಮ.

"ಗೆಲ್ಲೋದು ಇನ್ನೊಂದ್ಸಲ ಓದ್ಕೋ," ಎಂದು ಮಗಳು ಫೋನಿಟ್ಟಳು.

ಪರೀಕ್ಷೆಯ ದಿನ ಶುಕ್ರವಾರ. ಹತ್ತೂವರೆಗೆ. ಅಂದು ಬೆಳಿಗ್ಗೆ ಗೋಂದಿಗೆ ಏನು ಹಿಡಿದಿತ್ತೋ, ಬೀದಿಯ ತಿರುವಿನಿಂದಲೇ ಅಳು ಕೇಳಿಸಿತು. ಅಮ್ಮನ ಕತ್ತಿನಲ್ಲಿ ಎರಡು ಕೈ, ಸೊಂಟಕ್ಕೆ ಎರಡು ಕಾಲು. ಕಿಟಕಿ ಅಮ್ಮನ ತಲೆಗೂದಲೂ ಬಿಚ್ಚಿಹೋಗಿತ್ತು. ಇನ್ನು ಸೋಮವಾರ ಆಕೆ ಆಫೀಸಿಗೆ ಸೇರಬೇಕು. ಆಯಮ್ಮ ಎಂದಿನಂತೆ ಬೆನ್ನು ತಿರುಗಿಸಿ, ಕೈ ಇಳಿಬಿಟ್ಟು, ಗೂಡು ನೋಡುತ್ತ ನಿಂತಳು. ಒಳಗೊಳಗೇ ವಿನ್ ಬೈ ಎ ನೋಸ್ ಎಂದರೆ ಏನು ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಕುದುರೆ ನೆನಪಿತ್ತು. ಕುದುರೆ ಏನು ಮಾಡಿತು ಎನ್ನುವುದು ಮರೆತಿತ್ತು.

ಬೆನ್ನ ಹಿಂದಿನಿಂದ ಕಿಟಕಿ ಅಮ್ಮನ ದನಿ ಬಂತು. "ಆಯಮ್ಮ, ಆ ಪತ್ರಕ್ಕೆ ನಾನೂ ಸಹಿ ಹಾಕಿದೀನಿ."

ಆಯಮ್ಮ ತಿರುಗಲಿಲ್ಲ.

"ಇಲ್ಲೇ, ಈ ಬೆಂಚಿನ ಹತ್ರ. ಎಲ್ರೂ ಹಾಕ್ತಿದ್ರು, ಪೆನ್ನು ಕೈಗೆ ಕೊಟ್ಬಿಟ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ನಲವತ್ತು ಥರ ಹೇಳ್ಕೊಟ್ಟೆ ನಿಮಗೆ. ಅವತ್ತು ನನ್ನ ಬಾಯಲ್ಲಿ ಒಂದೂ ಬರಲಿಲ್ಲ." ಈಗ ಆಕೆಯೂ ಅಳುತ್ತಿದ್ದಳು. ಎತ್ತರದ ಅಳು ಮಗುವಿನದು, ಮುರಿದ ಅಳು ತಾಯಿಯದು. "ನಿಮಗೆ ಹೀಗಾಗತ್ತೆ ಅಂತ ಯೋಚನೆನೇ ಮಾಡಲಿಲ್ಲ. ನನ್ನ ಮಗು ಮಾತ್ರ ಕಣ್ಣಿಗೆ ಕಾಣ್ತಿತ್ತು."

ಅಮ್ಮ ಅಳುವುದನ್ನು ಗೋಂದು ಎಂದೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಖ ಎತ್ತಿ ನೋಡಿದಳು. ಅವಳ ಮೂಗೂ ಸುರಿಯುತ್ತಿತ್ತು, ಅಮ್ಮನ ಮೂಗೂ ಸುರಿಯುತ್ತಿತ್ತು. ಗೋಂದು ಅಳು ನಿಲ್ಲಿಸಿದಳು. ಅದಾದ ಮೇಲೆ, ಒಂದು ಉಸಿರು ತಡವಾಗಿ, ಅಮ್ಮನೂ ನಿಲ್ಲಿಸಿದಳು.

ಇದೆಲ್ಲ ಆಯಮ್ಮ ನೋಡಲಿಲ್ಲ, ಕೇಳಿಸಿಕೊಂಡಳು. ಎರಡು ಅಳುಗಳಲ್ಲಿ ಯಾವುದು ಮೊದಲು ನಿಂತಿತು ಎಂದು ಅವಳ ಕಿವಿಗೆ ಚೆನ್ನಾಗಿ ಗೊತ್ತಾಯಿತು. ಆಮೇಲೆ ಕಾಲೊರಸಿನ ಮೇಲೆ ಪುಟ್ಟ ಬೂಟಿನ ಸದ್ದು. ಆಮೇಲೆ ಕಿರುಬೆರಳಿಗೆ ಅಂಟಂಟಾದ, ಬೆಚ್ಚಗಿನ ಒಂದು ಮುಷ್ಟಿ.

ಆಯಮ್ಮ ನಾಲ್ಕು ಹೆಜ್ಜೆ ನಡೆದಳು. ಗೋಂದು ಹಿಂದೆ ಬಂದಳು. ಐದನೇ ಹೆಜ್ಜೆಗೆ ಆಯಮ್ಮ ಕತ್ತು ಮಾತ್ರ ಹೊರಳಿಸಿ, ಹೊರಗೆ ನಿಂತಿದ್ದ ತಾಯಿಗೆ ಹೇಳಿದಳು. "ಗೊತ್ತಿತ್ತು ಕಣಮ್ಮ. ಮೊದಲನೇ ದಿನದಿಂದ. ನಿಮ್ಮ ಸಹಿ ಬಾಲ ಪಕ್ಕದ ಮನೆಗೂ ಹೋಗಿತ್ತು."

"ಮತ್ತೆ ಒಂದು ಮಾತೂ ಅನ್ನಲಿಲ್ಲ ನೀವು!"

"ಅನ್ನೋದೇನಿದೆ? ಮೂಗು ಒರೆಸ್ಕೊಳ್ಳಿ."

ಹತ್ತೂವರೆಗೆ ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಆಯಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಅಡುಗೆಮನೆಯ ಆಯಾ ಆಗಲೇ ಪಾಸಾಗಿ, ಟೊಮೇಟೊ ಗೆದ್ದವಳ ಹಾಗೆ ಹೊರಗೆ ನಿಂತಿದ್ದಳು. ಮೇಡಂ ಹಿಮ್ಮಡಿ ಕೇಳಿದರು.

"ಮೀನಿನ ಗೂಡಿನ ಹುಡುಗ ಮೇಡಂ."

"ಅರ್ಥ ಹೇಳಿ ಆಯಮ್ಮ."

"ಅದೇ ಅರ್ಥ. ಏನೇ ಆದ್ರೂ ಒಪ್ಪಲ್ಲ ಅಂತ ಊರಿ ನಿಲ್ಲೋದು. ಅವನನ್ನ ನೋಡಿದ್ರೆ ನಿಮಗೂ ಮರೆಯಲ್ಲ."

ಮೇಡಂ ಗುರುತು ಹಾಕಿಕೊಂಡರು. ತಣ್ಣನೆ ಭುಜ, ಮೂಗು ಮೇಲೆ ಮಾಡುವುದು, ಉದ್ದ ಗಳು, ಬೆರಳೆತ್ತದಿರುವುದು, ಕಾಲು ಎಳೆಯುವುದು, ಪ್ರತಿಯೊಂದಕ್ಕೂ ಒಂದು ಗೂಡು, ಒಂದು ಮಗು, ಒಂದು ಅರ್ಥ. ಬೆರಳೆತ್ತದಿರುವುದಕ್ಕೆ ಮಾತ್ರ ಮಗುವಿರಲಿಲ್ಲ, ಮನೆಯವರಿದ್ದರು. ಮೇಡಂ ತುಟಿ ಕಚ್ಚಿಕೊಂಡು ಬರೆದರು. ಆರು ಸರಿ.

ಆಮೇಲೆ ಗೆಲ್ಲುವುದು ಶುರುವಾಯಿತು. ಬೋರ್ಡು ಗುಡಿಸುವುದು ಎಂದರೆ ಏನು ಎಂದು ಕೇಳಿದ್ದಕ್ಕೆ, ಅದನ್ನು ದಿನಾ ಸಂಜೆ ನಾನೇ ಒರೆಸುತ್ತೇನೆ ಎಂದಳು. ತಪ್ಪು. ಅದು ಎಲ್ಲವನ್ನೂ ಬಾಚಿ ಗೆಲ್ಲುವುದು. ದಿನವನ್ನು ಹೊತ್ತುಕೊಂಡು ಹೋಗುವುದು? ಮೂರೂವರೆಗೆ ಮಕ್ಕಳನ್ನೆಲ್ಲ ಕಳಿಸುವುದೇ ಎಂದು ಕೇಳಿದಳು. ತಪ್ಪು. ಅದು ಕೊನೆಗೆ ಗೆದ್ದು ನಿಲ್ಲುವುದು. ಇನ್ನೊಂದನ್ನೂ ತಪ್ಪು ಹೇಳಿದಳು. ಹಿಂದುಗಡೆಯ ತೊಳೆಯುವ ಕಟ್ಟೆ, ಅಲ್ಲಿನ ಒದ್ದೆ ಚಾಪೆಗಳು, ಗೇಟು ಕಾಣದ ಆ ಗೋಡೆ ಕಣ್ಣ ಮುಂದೆ ಬಂತು.

"ಕೊನೇದು," ಎಂದರು ಮೇಡಂ. ದನಿಯಲ್ಲಿ ಅವರಿಗೇ ಬೇಜಾರಾದಂತಿತ್ತು. "ವಿನ್ ಬೈ ಎ ನೋಸ್."

ಕುದುರೆ ಬಂತು, ಹೋಯಿತು. ಆಯಮ್ಮ ಕಣ್ಣು ಮುಚ್ಚಿದಳು. ಕುದುರೆಯ ಜಾಗದಲ್ಲಿ ಬೆಳಗಿನ ಎರಡು ಮೂಗು ಬಂದವು.

"ಇವತ್ತು ಗೇಟಲ್ಲಿ ಒಬ್ಬ ಅಮ್ಮ, ಒಬ್ಬ ಮಗಳು, ಇಬ್ಬರೂ ಅಳ್ತಿದ್ರು ಮೇಡಂ," ಎಂದಳು ನಿಧಾನವಾಗಿ. "ಯಾರು ಮೊದಲು ನಿಲ್ಲಿಸ್ತಾರೆ ಅಂತ ನಂಗೂ ಗೊತ್ತಿರಲಿಲ್ಲ. ಮಗು ನಿಲ್ಲಿಸ್ತು. ಅಮ್ಮ ಒಂದು ಉಸಿರು ತಡ. ಇಷ್ಟೇ." ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಎಳೆಯಷ್ಟು ಸಂದಿ ಮಾಡಿ ತೋರಿಸಿದಳು. "ಇಷ್ಟರಲ್ಲಿ ಗೆದ್ದಳು. ಕೂದಲೆಳೆಯಲ್ಲಿ."

ಮೇಡಂ ಪೆನ್ನು ಹಿಡಿದೇ ಹೊರಗೆ ನೋಡಿದರು. ಅವರ ಕಿಟಕಿ ಗೇಟಿನ ಕಡೆಗೇ ತೆರೆದಿತ್ತು. ಬೆಳಗಿನದನ್ನು ಅವರೂ ನೋಡಿರಬೇಕು.

"ಆಯಮ್ಮ, ಗೇಟಲ್ಲಿ ಅಳೋ ಮಕ್ಕಳ ಹತ್ರ ನೀವು ಏನಂತ ಮಾತಾಡ್ತೀರಿ?"

"ಏನೂ ಮಾತಾಡಲ್ಲ ಮೇಡಂ."

"ಅದನ್ನೇ ನಾನೂ ನೋಡ್ತಿದ್ದೆ," ಎಂದು ಮೇಡಂ ಏಳು ಎಂದು ಬರೆದು, ಅದರ ಸುತ್ತ ಒಂದು ವೃತ್ತ ಎಳೆದರು. "ಹೋಗಿ. ಗುಡ್ ಮಾರ್ನಿಂಗ್ ಒಂದು ಹೇಳಿ ಸಾಕು. ಪತ್ರದವರಿಗೆ ನಾನು ಹೇಳ್ಕೊಳ್ತೀನಿ."

ಸೋಮವಾರ ಕಿಟಕಿ ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಆಫೀಸಿನ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಆಯಮ್ಮ ಪಾಸಾದದ್ದು ಶುಕ್ರವಾರವೇ ತಿಳಿದಿತ್ತು. ಆದರೂ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಗೋಂದು ಅತ್ತಳು, ಆದರೆ ಅದು ಲೆಕ್ಕಕ್ಕೆ ಬರುವ ಅಳುವಲ್ಲ. ಬೆರಳು ಹಿಡಿದು, ಒಳಗೆ ಹೋಗಿ, ತನ್ನ ಗೂಡಿನಲ್ಲಿ ಬೂಟಿಟ್ಟು, ಬಾಗಿಲ ಹಿಂದೆ ಮಾಯವಾದಳು. ತಿರುಗಿಯೂ ನೋಡಲಿಲ್ಲ.

ಕಿಟಕಿ ಅಮ್ಮ ರಿಜಿಸ್ಟರಿನಲ್ಲಿ ಸಹಿ ಹಾಕಿದಳು. ಬೆಂಚಿನತ್ತ ನೋಡಿದಳು, ಕೂರಲಿಲ್ಲ. ಬೀದಿಯ ತಿರುವಿನವರೆಗೂ ಹೋಗಿ, ಅಲ್ಲಿಂದ ವಾಪಸು ಬಂದಳು.

"ಬಾಟಲಿ ಮುಚ್ಚಳ..."

"ಗಟ್ಟಿಯಾಗಿದೆ. ನಾನೇ ನೋಡಿದೀನಿ," ಎಂದಳು ಆಯಮ್ಮ. ಆಗಲೇ ಬೆನ್ನು ಹಾಕಿ ನಿಂತಿದ್ದಳು. ಒಳಗೆ ಬರಬೇಕಾದ ಮಗು ಇನ್ನು ಯಾವುದೂ ಇರಲಿಲ್ಲ. ಆದರೂ ಬಲಗೈ ಹಿಂದಕ್ಕೆ ಇಳಿಬಿದ್ದಿತ್ತು, ಕಣ್ಣು ಚಪ್ಪಲಿ ಗೂಡಿನ ಮೇಲಿತ್ತು.

ಆಮೇಲೆ ಕಿರುಬೆರಳನ್ನು ತಣ್ಣನೆಯ, ಉಂಗುರವಿದ್ದ, ದೊಡ್ಡ ಕೈಯೊಂದು ಹಿಡಿಯಿತು. ಗಟ್ಟಿಯಾಗಿಯೇ ಹಿಡಿಯಿತು. ಆಯಮ್ಮ ತಿರುಗಲಿಲ್ಲ. ಒಂಬತ್ತಕ್ಕೆ ಇನ್ನೂ ಮೂರು ನಿಮಿಷವಿತ್ತು. ಗೇಟು ಹಾಕಲು ಅವಳು ಅವಸರ ಮಾಡಲಿಲ್ಲ.